ಕಿವಿಗೆ ನೀರು ಬಿಟ್ಟು ನೊಬೆಲ್ ಗೆದ್ದ ಡಾಕ್ಟರ್: ಪ್ರಶಸ್ತಿ ಸುದ್ದಿ ಬಂದಾಗ ಬಾರಾನಿ ಯುದ್ಧಕೈದಿ!

ತಲೆ ಗಿರ್ ಅಂತ ಸುತ್ತಿದ್ರೆ ನಮ್ಮ ಕಡೆ ಮೊದಲು ಕೇಳೋ ಪ್ರಶ್ನೆ ಬಿಪಿ ಚೆಕ್ ಮಾಡಿಸಿದ್ರಾ ಅಂತ. ಎರಡನೇದು, ಬೆಳಗ್ಗೆ ತಿಂಡಿ ತಿಂದಿದ್ರಾ ಅಂತ. ಪಿತ್ತ ಜಾಸ್ತಿ ಆಗಿದೆ ಅಂತ ನಿಂಬೆಹಣ್ಣಿನ ಶರಬತ್ತು ಕುಡಿಸೋರೂ ಇದ್ದಾರೆ. ಕಿವಿ ತೋರಿಸಿದ್ರಾ ಅಂತ ಕೇಳೋರು ಮಾತ್ರ ತೀರಾ ಕಡಿಮೆ. ತಲೆ ಸುತ್ತೋದಕ್ಕೂ ಕಿವಿಗೂ ಏನು ಸಂಬಂಧ ಅಂತ ಅಂಗಡಿ ಮುಂದೆ ನಿಂತು ನಗೋರೇ ಹೆಚ್ಚು.

ಸಂಬಂಧ ಇದೆ. ಆ ಸಂಬಂಧವನ್ನ ಪರೀಕ್ಷೆ ಮಾಡಿ ತೋರಿಸೋಕೆ ದಾರಿ ಹಾಕಿಕೊಟ್ಟವರು ರಾಬರ್ಟ್ ಬಾರಾನಿ ಅನ್ನೋ ಕಿವಿ ಡಾಕ್ಟರ್. ತೀರಿಹೋಗಿ 90 ವರ್ಷದ ಹತ್ತಿರ ಆಯ್ತು. ಇವತ್ತಿಗೂ ಇಎನ್‌ಟಿ ವಿಭಾಗದಲ್ಲಿ ತಲೆಸುತ್ತಿನ ಕೇಸ್ ಬಂದ್ರೆ ಇವರು ಕಂಡುಹಿಡಿದ ಪರೀಕ್ಷೆ ಮಾಡ್ತಾರೆ. ಆದ್ರೆ ಇವರ ಜೀವನ ಮಾತ್ರ ಪರೀಕ್ಷೆ ಕೊಠಡಿಯೊಳಗೇ ಮುಗಿದ ಜೀವನ ಅಲ್ಲ. ಕುಂಟು ಕಾಲು, ಯುದ್ಧ, ಸೆರೆ, ಮಲೇರಿಯಾ, ನೊಬೆಲ್, ಆಮೇಲೆ ಸ್ವಂತ ಊರಿನವರದ್ದೇ ಅಪವಾದ. ಒಂದರ ಹಿಂದೆ ಒಂದು ಬಂತು.

ಮಡಚಲಾಗದ ಮಂಡಿ

ಬಾರಾನಿ ಹುಟ್ಟಿದ್ದು 1876ರ ಏಪ್ರಿಲ್ 22ಕ್ಕೆ, ಆಗಿನ ಆಸ್ಟ್ರಿಯಾ-ಹಂಗೇರಿ ಸಾಮ್ರಾಜ್ಯದಲ್ಲಿ. ಯಹೂದಿ ಮನೆತನ. ಅಪ್ಪ ಜಮೀನ್ದಾರರ ಎಸ್ಟೇಟ್ ನೋಡಿಕೊಳ್ಳೋ ಕೆಲಸದಲ್ಲಿದ್ದರು. ನಮ್ಮ ಕಡೆ ತೋಟದ ರೈಟರು ಅಂತೀವಲ್ಲ, ಅದಕ್ಕಿಂತ ಸ್ವಲ್ಪ ಮೇಲಿನ ಹುದ್ದೆ ಅಂದ್ಕೊಳ್ಳಿ. ತಾಯಿ ಕಡೆಯವರು ಪ್ರಾಗ್ ಪಟ್ಟಣದ ಓದಿದ ಕುಟುಂಬ. ಆರು ಮಕ್ಕಳಲ್ಲಿ ಇವರೇ ಮೊದಲನೆಯವರು.

ಚಿಕ್ಕ ವಯಸ್ಸಲ್ಲೇ ಮೂಳೆಗೆ ಟಿಬಿ ಬಂತು. ಆ ಕಾಲದಲ್ಲಿ ಟಿಬಿಗೆ ಮಾತ್ರೆ ಇಲ್ಲ, ಇಂಜೆಕ್ಷನ್ ಇಲ್ಲ. ಉಳಿದರೆ ಉಳಿದ ಹಾಗೆ. ಹುಡುಗ ಉಳಿದ. ಆದ್ರೆ ಒಂದು ಮಂಡಿ ಬಿಗಿದುಹೋಗಿ ಮಡಚೋಕೆ ಬರದ ಹಾಗೆ ಆಯ್ತು, ಜೀವನಪೂರ್ತಿ. ವರ್ಷಗಟ್ಟಲೆ ಡಾಕ್ಟರುಗಳ ಕೈಯಲ್ಲಿ ಇದ್ದ ಹುಡುಗನಿಗೆ ತಾನೂ ಡಾಕ್ಟರ್ ಆಗಬೇಕು ಅನ್ನೋ ಆಸೆ ಹುಟ್ಟಿದ್ದು ಇಲ್ಲಿಂದಲೇ ಅಂತಾರೆ. ಆ ಕಾಲು ಇಟ್ಕೊಂಡೇ ಬಾರಾನಿ ಟೆನಿಸ್ ಆಡ್ತಿದ್ರು, ಬೆಟ್ಟ ಹತ್ತುತಿದ್ರು. ಪಿಯಾನೋ ಕೂಡ ಚೆನ್ನಾಗಿ ನುಡಿಸ್ತಿದ್ರು. ಮಂಡಿ ನೋವು ಅಂತ ದೇವಸ್ಥಾನದ ಹತ್ತು ಮೆಟ್ಟಿಲು ಹತ್ತದವರು ನಮ್ಮಲ್ಲೇ ಎಷ್ಟು ಜನ ಇಲ್ಲ ಹೇಳಿ.

1900ರಲ್ಲಿ ವಿಯೆನ್ನಾ ವಿಶ್ವವಿದ್ಯಾಲಯದಲ್ಲಿ ಡಾಕ್ಟರ್ ಡಿಗ್ರಿ ಮುಗೀತು. ಆಮೇಲೆ ಒಂದೇ ಕಡೆ ನಿಲ್ಲಲಿಲ್ಲ. ಜರ್ಮನಿಗೆ ಹೋಗಿ ಫ್ರಾಂಕ್‌ಫರ್ಟಿನಲ್ಲಿ ಸಾಮಾನ್ಯ ರೋಗಗಳ ವಿಭಾಗದಲ್ಲಿ ಕೆಲಸ ಮಾಡಿದ್ರು. ಹೈಡೆಲ್‌ಬರ್ಗ್‌ನಲ್ಲಿ ಆಗಿನ ಹೆಸರಾಂತ ಮನೋವೈದ್ಯ ಕ್ರೆಪೆಲಿನ್ ಹತ್ತಿರ ಮನಸ್ಸು ಮತ್ತು ನರದ ಕಾಯಿಲೆ ಕಲಿತರು. ವಾಪಸ್ ವಿಯೆನ್ನಾಕ್ಕೆ ಬಂದು ಆಪರೇಷನ್ ಕೆಲಸದಲ್ಲಿ ಪಳಗಿದ್ರು. ಇದೆಲ್ಲಾ ಆದ್ಮೇಲೆ 1903ರಲ್ಲಿ ಕಿವಿ ವಿಭಾಗಕ್ಕೆ ಸೇರಿದ್ದು. ನೋಡೋಕೆ ಅಲೆದಾಟದ ಥರ ಕಾಣುತ್ತೆ. ಆದ್ರೆ ಕಿವಿ, ನರ, ಮೆದುಳು, ಚಾಕು ನಾಲ್ಕೂ ಗೊತ್ತಿದ್ದ ಡಾಕ್ಟರ್ ಆ ಕಾಲದಲ್ಲಿ ಎಷ್ಟು ಜನ ಇದ್ರು? ಮುಂದೆ ಕೈ ಹಿಡಿದಿದ್ದು ಇದೇ.

ಕಿವಿ ಸೋರಿದ್ರೆ ಪ್ರಾಣಕ್ಕೇ ಸಂಚಕಾರ

ಆಗಿನ ವಿಯೆನ್ನಾ ಕಿವಿ ಕ್ಲಿನಿಕ್ ಅಂದ್ರೆ ಇಡೀ ಜಗತ್ತಿಗೇ ದೊಡ್ಡದು. ಮುಖ್ಯಸ್ಥರು ಆಡಮ್ ಪೊಲಿಟ್ಜರ್. ದೇಶ ದೇಶದಿಂದ ಡಾಕ್ಟರುಗಳು ಅಲ್ಲಿಗೆ ಕಲಿಯೋಕೆ ಬರ್ತಿದ್ರು.

ಇಲ್ಲಿ ಒಂದು ವಿಷಯ ಹೇಳಲೇಬೇಕು. ಕಿವಿ ಸೋರೋದು ಅಂದ್ರೆ ಈಗ ನಮಗೆ ಸಣ್ಣ ವಿಷಯ. ಮೆಡಿಕಲ್ ಶಾಪಲ್ಲಿ ಡ್ರಾಪ್ಸ್ ತಗೊಂಡು ಸುಮ್ಮನಾಗ್ತೀವಿ (ಅದೂ ಸರಿಯಲ್ಲ, ಆ ಮಾತು ಬೇರೆ). ಆದ್ರೆ ಆಂಟಿಬಯಾಟಿಕ್ ಇಲ್ಲದ ಆ ದಿನಗಳಲ್ಲಿ ಕಿವಿಯ ಕೀವು ಒಳಕ್ಕೆ ಇಳಿದು ಮೂಳೆ ಕೊರೆದು ಮೆದುಳಿಗೆ ಸೇರಿದ್ರೆ ಜೀವ ಹೋಗ್ತಿತ್ತು. ರೋಗಿ ತಲೆಸುತ್ತು, ವಾಂತಿ ಅಂತ ಬಂದ. ಕೀವು ಎಲ್ಲಿದೆ? ಒಳಗಿವಿಯಲ್ಲಾ? ಇಲ್ಲಾ ಅದರ ಹಿಂದಿರೋ ಚಿಕ್ಕಮೆದುಳಲ್ಲಾ? ಎಕ್ಸ್‌ರೇ ಆಗಿನ್ನೂ ಕೂಸು, ಸ್ಕ್ಯಾನಿಂಗ್ ಅನ್ನೋದು ಕನಸಲ್ಲೂ ಇಲ್ಲ. ಸರ್ಜನ್ ಅಂದಾಜಿನ ಮೇಲೆ ತಲೆಬುರುಡೆ ತೆಗೀಬೇಕು. ತಪ್ಪು ಜಾಗ ತೆಗೆದ್ರೆ ರೋಗಿ ಹೋದ ಅಂತಲೇ ಲೆಕ್ಕ. ತೆಗೀದೇ ಬಿಟ್ಟರೂ ಹೋದ.

ಅಂಥ ಜಾಗದಲ್ಲಿ ಬಾರಾನಿಗೆ ಸಿಕ್ಕ ದಿನನಿತ್ಯದ ಕೆಲಸ ಏನು ಗೊತ್ತಾ? ರೋಗಿಗಳ ಕಿವಿಗೆ ಸಿರಿಂಜಲ್ಲಿ ನೀರು ಹೊಡೆದು ಗುಗ್ಗೆ, ಕೀವು ತೊಳೆಯೋದು. ಬೇಜಾರಿನ ಕೆಲಸ, ದಿನಾ ಅದೇ.

ನೀರು ತಣ್ಣಗಿದೆ ಅಂದ ರೋಗಿ

ಕಿವಿ ತೊಳೆದಾಗ ಕೆಲವರಿಗೆ ತಲೆ ಸುತ್ತುತ್ತೆ. ಇದು ಅಲ್ಲಿದ್ದ ಎಲ್ಲಾ ಡಾಕ್ಟರುಗಳಿಗೂ ಗೊತ್ತಿತ್ತು, ಯಾರೂ ತಲೆ ಕೆಡಿಸ್ಕೊಂಡಿರಲಿಲ್ಲ. ಬಾರಾನಿ ಮಾತ್ರ ಅಂಥ ರೋಗಿಗಳ ಕಣ್ಣು ನೋಡೋಕೆ ಶುರು ಮಾಡಿದ್ರು. ಕಣ್ಣುಗುಡ್ಡೆ ಒಂದು ಪಕ್ಕಕ್ಕೆ ನಿಧಾನ ಜಾರೋದು, ಪಟ್ಟನೆ ವಾಪಸ್ ಎಗರೋದು, ಮತ್ತೆ ಜಾರೋದು. ಓಡೋ ಬಸ್ಸಿನ ಕಿಟಕಿಯಿಂದ ಕರೆಂಟ್ ಕಂಬ ನೋಡ್ತಾ ಕೂತವರ ಕಣ್ಣು ಗಮನಿಸಿ, ಹೆಚ್ಚುಕಮ್ಮಿ ಹಾಗೇ ಇರುತ್ತೆ. ಡಾಕ್ಟರ್ ಭಾಷೆಯಲ್ಲಿ ಇದಕ್ಕೆ ನಿಸ್ಟಾಗ್ಮಸ್ ಅಂತಾರೆ. ಬಾರಾನಿ ಒಂದೊಂದೇ ಕೇಸ್ ಬರೆದಿಡುತ್ತಾ ಹೋದ್ರು.

ಒಂದಿನ ಒಬ್ಬ ರೋಗಿ ಒಂದು ಮಾತು ಹೇಳಿದ. ತಾನು ಮನೆಯಲ್ಲಿ ಬೆಚ್ಚಗಿನ ನೀರಲ್ಲಿ ಕಿವಿ ತೊಳ್ಕೊಂಡ್ರೆ ಏನೂ ಆಗಲ್ಲ, ನೀರು ಸಾಕಷ್ಟು ಬೆಚ್ಚಗಿಲ್ಲದಿದ್ರೆ ಮಾತ್ರ ತಲೆ ತಿರುಗುತ್ತೆ ಅಂತ. ಬಾರಾನಿ ನರ್ಸಿಗೆ ಬಿಸಿನೀರು ತರೋಕೆ ಹೇಳಿದ್ರು. ನೀರು ಬೆಚ್ಚಗೇ ಇದೆ ಅಂತ ನರ್ಸ್ ವಾದ. ರೋಗಿಗೆ ತಣ್ಣಗೆ ಅನ್ಸಿದ್ರೆ ಅವನು ಹೇಳಿದ ಹಾಗೇ ಆಗ್ಲಿ ಅಂದ್ರು ಬಾರಾನಿ. ಮುಂದಿನ ಸಲ ಬಂದ ನೀರು ವಿಪರೀತ ಬಿಸಿ. ರೋಗಿ ಕೂಗಿಕೊಂಡ. ನೀರು ಸುಡ್ತಿದೆ, ಮತ್ತೆ ತಲೆ ಸುತ್ತುತ್ತಿದೆ ಅಂತ.

ಬೇರೆ ಯಾರಾದ್ರೂ ಆಗಿದ್ರೆ ನರ್ಸಿಗೆ ನಾಲ್ಕು ಮಾತು ಬೈದು ಸುಮ್ಮನಾಗ್ತಿದ್ರು. ಬಾರಾನಿ ಕಣ್ಣು ನೋಡಿದ್ರು. ಕಣ್ಣು ಎಗರೋ ದಿಕ್ಕು ಈಗ ಉಲ್ಟಾ! ತಣ್ಣೀರಿಗೆ ಒಂದು ಕಡೆ, ಬಿಸಿನೀರಿಗೆ ಇನ್ನೊಂದು ಕಡೆ. ಹಾಗಾದ್ರೆ ಕಾರಣ ನೀರಿನ ರಭಸ ಅಲ್ಲ, ನೀರಿನ ಬಿಸಿ. ಮೈ ಬಿಸಿಯಷ್ಟೇ ಇರೋ ನೀರು ಬಿಟ್ಟು ನೋಡಿದ್ರು, ಕಣ್ಣು ಅಲ್ಲಾಡಲೇ ಇಲ್ಲ.

ಯಾಕೆ ಹೀಗೆ? ಉತ್ತರ ಸಿಕ್ಕಿದ್ದು ಬಚ್ಚಲುಮನೆಯಲ್ಲಿ. ಹಳ್ಳಿಯವರಿಗೆ ಇದು ಬೇಗ ಅರ್ಥ ಆಗುತ್ತೆ. ಹಂಡೆ ಒಲೆಗೆ ಬೆಂಕಿ ಹಾಕಿದ ಸ್ವಲ್ಪ ಹೊತ್ತಿಗೆ ಕೈ ಅದ್ದಿ ನೋಡಿ, ಮೇಲಿನ ನೀರು ಬಿಸಿ, ತಳದ ಹತ್ತಿರ ಇನ್ನೂ ತಣ್ಣಗೆ. ಬಿಸಿಯಾದ ನೀರು ಹಗುರಾಗಿ ಮೇಲಕ್ಕೆ ಹೋಗುತ್ತೆ, ತಣ್ಣನೇದು ಭಾರವಾಗಿ ಕೆಳಕ್ಕೆ ಬರುತ್ತೆ. ಬಾರಾನಿ ಯೋಚನೆ ಮಾಡಿದ್ದೂ ಸ್ನಾನದ ನೀರು ಕಾಯಿಸೋ ಒಲೆ ಬಗ್ಗೆನೇ.

ನಮ್ಮ ಒಳಗಿವಿಯಲ್ಲಿ ಮೂರು ಅರ್ಧಚಂದ್ರಾಕಾರದ ಸಣ್ಣ ನಾಳ ಇವೆ, ಒಂದಕ್ಕೊಂದು ಮೂಲೆಮಟ್ಟದ ಹಾಗೆ ಕೂತಿವೆ. ಒಳಗೆ ದ್ರವ ತುಂಬಿದೆ. ಗಾರೆ ಕೆಲಸದವರ ರಸಮಟ್ಟ ನೆನೆಸ್ಕೊಳ್ಳಿ, ಹತ್ತಿರ ಹತ್ತಿರ ಅಂಥದ್ದೇ. ತಲೆ ತಿರುಗಿಸಿದ್ರೆ ದ್ರವ ಹಿಂದೆ ಉಳಿಯುತ್ತೆ, ಅಲ್ಲಿರೋ ಸೂಕ್ಷ್ಮ ಕೂದಲಿನಂಥ ಕೋಶ ಬಾಗುತ್ತೆ, ನರ ಮೆದುಳಿಗೆ ಸುದ್ದಿ ಮುಟ್ಟಿಸುತ್ತೆ, ಮೆದುಳು ಕಣ್ಣನ್ನ ಸರಿ ಮಾಡುತ್ತೆ. ಆ ನರ ಎಂಟನೇ ನರ. ಒಂದೇ ನರದಲ್ಲಿ ಎರಡು ಕವಲು, ಒಂದು ಕೇಳೋದಕ್ಕೆ, ಇನ್ನೊಂದು ಬೀಳದೆ ನಿಲ್ಲೋದಕ್ಕೆ. ಕಿವಿಗೆ ಬಿಸಿನೀರು ಬಿಟ್ಟಾಗ ಹೊರಗಡೆಗೆ ಹತ್ತಿರ ಇರೋ ನಾಳದ ದ್ರವ ಕಾದು ಮೇಲಕ್ಕೆ ಹರಿಯುತ್ತೆ. ತಲೆ ಅಲ್ಲಾಡದೇ ಇದ್ರೂ ಮೆದುಳಿಗೆ ತಲೆ ತಿರುಗ್ತಿದೆ ಅಂತ ಸುಳ್ಳು ಸುದ್ದಿ ಹೋಗುತ್ತೆ. ತಣ್ಣೀರಾದ್ರೆ ಹರಿವು ಉಲ್ಟಾ, ಸುದ್ದಿನೂ ಉಲ್ಟಾ.

ಇದು ನಿಜವಾದ್ರೆ ರೋಗಿಯ ತಲೆಯ ಭಂಗಿ ಮೇಲೆ ಕೆಳಗೆ ಮಾಡಿದ್ರೂ ಕಣ್ಣಿನ ದಿಕ್ಕು ಬದಲಾಗಬೇಕು. ಬಾರಾನಿ ಮಾಡಿ ನೋಡಿದ್ರು, ಬದಲಾಯ್ತು. ಲೆಕ್ಕ ತಾಳೆ ಆಯ್ತು.

ಇದರಿಂದ ಆದ ಲಾಭ ಕೇಳಿ. ತಲೆ ಗಿರಗಿರ ತಿರುಗಿಸಿದ್ರೆ ಎರಡೂ ಕಿವಿ ಒಟ್ಟಿಗೇ ಕೆಲಸ ಮಾಡ್ತವೆ, ಯಾವುದು ಕೆಟ್ಟಿದೆ ಅಂತ ಹೇಳೋದು ಕಷ್ಟ. ನೀರಿನ ಪರೀಕ್ಷೆಯಲ್ಲಿ ಒಂದೊಂದೇ ಕಿವಿ ಬೇರೆ ಬೇರೆ ನೋಡಬಹುದು. ಬಲಗಿವಿಗೆ ನೀರು ಬಿಟ್ಟರೆ ಕಣ್ಣು ಅಲ್ಲಾಡ್ತಿಲ್ವಾ? ಹಾಗಾದ್ರೆ ಬಲಗಡೆ ಒಳಗಿವಿ ಸತ್ತಿದೆ. ಅಲ್ಲಾಡ್ತಿದೆಯಾ? ಒಳಗಿವಿ ಬದುಕಿದೆ, ತೊಂದರೆ ಬೇರೆ ಕಡೆ ಹುಡುಕಬೇಕು. ಒಂದು ಸಿರಿಂಜು, ಒಂದು ಲೋಟ ನೀರು. ಸರ್ಜನ್‌ಗೆ ಚಾಕು ಎಲ್ಲಿಡಬೇಕು ಅನ್ನೋದಕ್ಕೆ ಆಧಾರ ಸಿಕ್ತು.

1906, 1907ರಲ್ಲಿ ಈ ಕೆಲಸ ಅಚ್ಚಾಗಿ ಹೊರಗೆ ಬಂತು. ಆಗ ಬಾರಾನಿಗೆ 30ರ ಆಸುಪಾಸು.

ಕುರ್ಚಿ, ಬೆರಳು, ಗಲಾಟೆ ಡಬ್ಬಿ

ಅಲ್ಲಿಗೇ ನಿಲ್ಲಲಿಲ್ಲ. ತಿರುಗೋ ಕುರ್ಚಿಯ ಪರೀಕ್ಷೆಗೆ ಒಂದು ಕ್ರಮ ಕೊಟ್ಟರು. ರೋಗಿನ ಕೂರಿಸಿ, ತಲೆ ಸ್ವಲ್ಪ ಮುಂದಕ್ಕೆ ಬಗ್ಗಿಸಿ, 20 ಸೆಕೆಂಡಲ್ಲಿ 10 ಸುತ್ತು ತಿರುಗಿಸಿ ಗಕ್ಕನೆ ನಿಲ್ಲಿಸೋದು. ಆಮೇಲೆ ಕಣ್ಣು ಎಷ್ಟು ಹೊತ್ತು ಕುಣಿಯುತ್ತೆ ಅಂತ ಗಡಿಯಾರ ಹಿಡಿದು ನೋಡೋದು. ಜಾತ್ರೆಯಲ್ಲಿ ಗಿರಗಿಟ್ಲೆ ಆಡಿ ಇಳಿದ ಮಕ್ಕಳು ನೆಟ್ಟಗೆ ನಡೆಯೋಕಾಗದೆ ಓಲಾಡ್ತಾರಲ್ಲ, ಅದನ್ನೇ ಅಳತೆಗೆ ತಂದ ಹಾಗೆ. ಬಾರಾನಿ ಕುರ್ಚಿ ಅನ್ನೋ ಹೆಸರಲ್ಲೇ ಅದು ಉಳೀತು. ಮುಂದೆ ವಿಮಾನ ಹಾರಿಸೋರ ತರಬೇತಿಗೂ ಬಂತು. ಮೋಡದೊಳಗೆ ಹೊಕ್ಕಾಗ ಕಿವಿ ಹೇಳೋದನ್ನ ನಂಬಬೇಡಿ, ಮೀಟರ್ ನೋಡಿ ಅಂತ ಪೈಲಟ್‌ಗಳಿಗೆ ಮನದಟ್ಟು ಮಾಡೋಕೆ ಇದೇ ಕುರ್ಚಿ ಮೇಲೆ ಕೂರಿಸಿ ತಿರುಗಿಸ್ತಾರೆ.

ಇನ್ನೊಂದು ಬೆರಳಿನ ಪರೀಕ್ಷೆ. ರೋಗಿ ಕೈ ಚಾಚಿ ಡಾಕ್ಟರ ಬೆರಳು ಮುಟ್ಟಬೇಕು, ಕಣ್ಣು ಮುಚ್ಚಿ ಕೈ ಇಳಿಸಿ ಮತ್ತೆ ಅದೇ ಜಾಗ ಮುಟ್ಟಬೇಕು. ಕೈ ಪಕ್ಕಕ್ಕೆ ಜಾರಿದ್ರೆ ಯಾವ ಕಡೆಗೆ, ಎರಡೂ ಕೈನಾ, ಒಂದೇ ಕೈನಾ ಅಂತ ನೋಡಿ ತೊಂದರೆ ಕಿವಿದಾ, ಚಿಕ್ಕಮೆದುಳಿಂದಾ ಅಂತ ತರ್ಕ ಮಾಡ್ತಿದ್ರು. ಖರ್ಚೇ ಇಲ್ಲದ ಪರೀಕ್ಷೆ.

ಕಿವುಡುತನ ನೋಡೋಕೆ ಮಾಡಿದ ಗಲಾಟೆ ಡಬ್ಬಿ ನನಗೆ ಎಲ್ಲಕ್ಕಿಂತ ಇಷ್ಟ ಆಗಿದ್ದು. ಒಂದು ಕಿವಿ ಪೂರ್ತಿ ಕಿವುಡು ಅಂದ್ಕೊಳ್ಳಿ. ಆ ಕಡೆ ಜೋರಾಗಿ ಮಾತಾಡಿದ್ರೆ ಸದ್ದು ಇನ್ನೊಂದು ಕಿವಿಗೂ ಹೋಗಿ ರೋಗಿ ಕೇಳಿಸ್ತು ಅಂತಾನೆ. ಡಾಕ್ಟರ್ ಮೋಸ ಹೋಗ್ತಾರೆ. ಬಾರಾನಿ ಕೀಲಿ ಕೊಟ್ಟರೆ ಗರಗರ ಸದ್ದು ಮಾಡೋ ಗಡಿಯಾರದಂಥ ಸಣ್ಣ ಯಂತ್ರ ಮಾಡಿ ಚೆನ್ನಾಗಿರೋ ಕಿವಿಗೆ ಇಟ್ಟರು. ಆ ಗಲಾಟೆಯಲ್ಲಿ ಒಳ್ಳೇ ಕಿವಿ ಬಂದ್. ಈಗ ಇನ್ನೊಂದು ಕಿವಿಗೆ ಮಾತು ಕೇಳಿಸುತ್ತಾ ನೋಡಿ, ನಿಜ ಹೊರಗೆ ಬರುತ್ತೆ. ಈಗ ಕಿವಿ ಪರೀಕ್ಷೆ ಮಾಡಿಸೋಕೆ ಹೋದ್ರೆ ಹೆಡ್‌ಫೋನ್ ಹಾಕಿ ಒಂದು ಕಿವಿಗೆ ಜುಯ್ ಅನ್ನೋ ಸದ್ದು ಬಿಡ್ತಾರಲ್ಲ, ಅದರ ಹಿಂದಿನ ಉಪಾಯನೂ ಇದೇ.

1909ರಲ್ಲಿ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡೋ ಅರ್ಹತೆ ಸಿಕ್ತು. ಅದೇ ವರ್ಷ ಮದುವೆ, ಪತ್ನಿ ಇಡಾ. ಮುಂದೆ ಇಬ್ಬರು ಗಂಡು, ಒಬ್ಬಳು ಹೆಣ್ಣು ಮಗಳು.

ಕೋಟೆಯೊಳಗಿನ ಸರ್ಜನ್

1914ರಲ್ಲಿ ಮೊದಲನೇ ಮಹಾಯುದ್ಧ ಶುರು ಆಯ್ತು. ಬಿಗಿದ ಮಂಡಿ ಇಟ್ಕೊಂಡ ಬಾರಾನಿಯನ್ನ ಸೈನ್ಯಕ್ಕೆ ಯಾರೂ ಕರೀತಿರಲಿಲ್ಲ. ಇವರೇ ಮುಂದೆ ಬಂದು ಸರ್ಜನ್ ಆಗಿ ಸೇರಿದ್ರು. ಸಿಕ್ಕಿದ್ದು ಪ್ಶೆಮಿಶಲ್ ಕೋಟೆ, ಈಗ ಪೋಲೆಂಡ್‌ನಲ್ಲಿದೆ. ಹೋಗಿದ್ದಕ್ಕೆ ದೇಶಭಕ್ತಿ ಒಂದೇ ಕಾರಣ ಅಲ್ಲ. ತಲೆಗೆ ಗುಂಡು ಬಿದ್ದ ಗಾಯಾಳುಗಳನ್ನ ನೋಡಿ ಮೆದುಳಿನ ಯಾವ ಭಾಗ ಯಾವ ಕೆಲಸ ಮಾಡುತ್ತೆ ಅಂತ ತಿಳಿಯೋ ಆಸೆನೂ ಇತ್ತು. ಕೇಳೋಕೆ ಕಠೋರ ಅನ್ಸುತ್ತೆ. ಆದ್ರೆ ಆ ಗಾಯಾಳುಗಳಿಗೆ ಇವರಿಂದ ಆದ ಉಪಕಾರ ಸಣ್ಣದಲ್ಲ.

ಆಗಿನ ಪದ್ಧತಿ ಏನಂದ್ರೆ ಮೆದುಳಿನ ಗುಂಡೇಟಿನ ಗಾಯವನ್ನ ಹೊಲಿಯದೆ ತೆರೆದೇ ಬಿಡೋದು, ಕೀವು ಹೊರಗೆ ಬರಲಿ ಅಂತ. ಹಾಗೆ ಬಿಟ್ಟ ಗಾಯಕ್ಕೆ ಹೊಸದಾಗಿ ನಂಜಾಗಿ ಸೈನಿಕರು ಸಾಯ್ತಿದ್ರು. ಬಾರಾನಿ ಕೊಳಕಾದ ಅಂಚು ಕತ್ತರಿಸಿ ತೆಗೆದು, ಚೊಕ್ಕಟ ಮಾಡಿ, ಆಗಲೇ ಹೊಲಿದು ಮುಚ್ಚೋ ದಾರಿ ಹಿಡಿದ್ರು. ಮುಂದೆ ಎಷ್ಟೋ ವರ್ಷ ಈ ವಿಷಯಕ್ಕೆ ವಾದ ಮಾಡ್ತಾ ಬಂದ್ರು.

ರಷ್ಯಾ ಸೈನ್ಯ ಕೋಟೆಯನ್ನ ತಿಂಗಳುಗಟ್ಟಲೆ ಮುತ್ತಿಗೆ ಹಾಕ್ತು. ಒಳಗೆ ದವಸ ಖಾಲಿ. ಕುದುರೆ ಕಡಿದು ತಿನ್ನೋ ಹಾಗಾಯ್ತು. 1915ರ ಮಾರ್ಚ್ 22ಕ್ಕೆ ಕೋಟೆ ಶರಣಾಯ್ತು. ಒಂದು ಲಕ್ಷಕ್ಕೂ ಹೆಚ್ಚು ಜನ ಸೆರೆ ಸಿಕ್ಕರು. ಅದರಲ್ಲಿ ಬಾರಾನಿನೂ ಒಬ್ಬರು.

ಮರಳುಗಾಡಿಗೆ ಬಂದ ಸುದ್ದಿ

ಸಾವಿರಾರು ಕಿಲೋಮೀಟರ್ ದೂರ ಸಾಗಿಸಿದ್ರು. ತಲುಪಿದ್ದು ಮಧ್ಯ ಏಷ್ಯಾದ ಮೆರ್ವ್ ಅನ್ನೋ ಊರು, ಈಗಿನ ತುರ್ಕಮೆನಿಸ್ತಾನ. ಸುತ್ತ ಮರಳುಗಾಡು, ಸುಡೋ ಬಿಸಿಲು, ಸೊಳ್ಳೆ. ಬಾರಾನಿಗೆ ಮಲೇರಿಯಾ ಹಿಡೀತು.

ಪುಣ್ಯಕ್ಕೆ ಅಲ್ಲಿದ್ದ ರಷ್ಯನ್ ವೈದ್ಯಾಧಿಕಾರಿಗೆ ಈ ಹೆಸರು ಗೊತ್ತಿತ್ತು. ಜ್ವರ ಇಳಿದ ಮೇಲೆ ಕಿವಿ, ಮೂಗು, ಗಂಟಲು ನೋಡೋ ಕೆಲಸ ಕೊಟ್ಟರು. ಸೆರೆ ಸಿಕ್ಕ ತಮ್ಮ ಕಡೆಯ ಸೈನಿಕರನ್ನೂ ನೋಡಿದ್ರು, ಊರಿನ ಜನರನ್ನೂ ನೋಡಿದ್ರು. ಊರಿನ ಮೇಯರ್ ಮನೆಯವರಿಗೂ ಇವರೇ ಡಾಕ್ಟರ್, ಅವರ ಮನೆಯಲ್ಲಿ ಊಟದ ಮರ್ಯಾದೆನೂ ಇತ್ತಂತೆ. ಕೈಯಲ್ಲಿ ಒಂದು ವಿದ್ಯೆ ಇದ್ರೆ ಶತ್ರು ದೇಶದಲ್ಲೂ ಅನ್ನ ಹುಟ್ಟುತ್ತೆ. ಆದ್ರೂ ಸೆರೆ ಸೆರೆನೇ. ಹೆಂಡತಿ ಮಕ್ಕಳು ವಿಯೆನ್ನಾದಲ್ಲಿ, ಇವರು ಇಲ್ಲಿ. ಯುದ್ಧ ಯಾವಾಗ ಮುಗಿಯುತ್ತೋ ಯಾರಿಗೆ ಗೊತ್ತು.

ಹೀಗಿರುವಾಗ 1915ರಲ್ಲಿ ಸ್ವೀಡನ್ನಿಂದ ಸುದ್ದಿ. ಹಿಂದಿನ ವರ್ಷ ಯಾರಿಗೂ ಕೊಡದೆ ಉಳಿಸಿಕೊಂಡಿದ್ದ 1914ರ ವೈದ್ಯಕೀಯ ನೊಬೆಲ್ ಪ್ರಶಸ್ತಿ ರಾಬರ್ಟ್ ಬಾರಾನಿಗೆ. ಒಳಗಿವಿಯ ಸಮತೋಲನ ಅಂಗದ ಕೆಲಸ ಮತ್ತು ಕಾಯಿಲೆ ಬಗ್ಗೆ ಮಾಡಿದ ಸಂಶೋಧನೆಗೆ. ಜಗತ್ತಿನ ಅತಿ ದೊಡ್ಡ ಪ್ರಶಸ್ತಿ, ತಗೊಳ್ಳಬೇಕಾದವರು ಮರಳುಗಾಡಲ್ಲಿ ಕೈದಿ! ಅದಾದ ಮೇಲೆ 1915ರಿಂದ 1918ರ ತನಕ ವೈದ್ಯಕೀಯಕ್ಕೆ ನೊಬೆಲ್ ಯಾರಿಗೂ ಕೊಡಲೇ ಇಲ್ಲ ಅನ್ನೋದನ್ನೂ ಸೇರಿಸಿ ನೋಡಿ.

ಸ್ವೀಡನ್ನಿನ ರಾಜಕುಮಾರ ಕಾರ್ಲ್ ರೆಡ್‌ಕ್ರಾಸ್ ಮೂಲಕ ರಷ್ಯಾ ಸರ್ಕಾರದ ಜತೆ ಮಾತುಕತೆಗೆ ಇಳಿದ್ರು. ಸ್ವೀಡನ್ ಯುದ್ಧದಲ್ಲಿ ಯಾರ ಪಕ್ಷನೂ ಅಲ್ಲ, ಹಾಗಾಗಿ ಮಾತು ನಡೀತು. 1916ರಲ್ಲಿ ಬಿಡುಗಡೆ ಆಯ್ತು. ಸ್ಟಾಕ್‌ಹೋಮಿಗೆ ಹೋಗಿ ಸ್ವೀಡನ್ ರಾಜನ ಕೈಯಿಂದ ಪ್ರಶಸ್ತಿ ತಗೊಂಡ್ರು. ಸೆಪ್ಟೆಂಬರ್ 11ಕ್ಕೆ ನೊಬೆಲ್ ಭಾಷಣ. ಆ ಭಾಷಣದಲ್ಲೇ ತಣ್ಣೀರು ಬಿಸಿನೀರಿನ ಕಥೆ, ರೋಗಿ, ನರ್ಸ್ ಎಲ್ಲರನ್ನೂ ನೆನೆದಿದ್ದು.

ಮನೆಗೆ ಬಂದ್ರೆ ಅಪವಾದ

ನೊಬೆಲ್ ಗೆದ್ದು, ಸೆರೆಯಿಂದ ಬದುಕಿ ಬಂದವರಿಗೆ ನಮ್ಮೂರಾದ್ರೆ ಸರ್ಕಲ್ಲಲ್ಲಿ ಹಾರ ಹಾಕಿ ಮೆರವಣಿಗೆ ಮಾಡ್ತಿದ್ವಿ. ವಿಯೆನ್ನಾದಲ್ಲಿ ಆಗಿದ್ದೇ ಬೇರೆ. ಜತೆಗೆ ಕೆಲಸ ಮಾಡಿದ ಡಾಕ್ಟರುಗಳೇ ತಿರುಗಿಬಿದ್ರು. ಬೇರೆಯವರು ಮೊದಲೇ ಹೇಳಿದ್ದನ್ನ ತಗೊಂಡು, ಅವರ ಹೆಸರು ಸರಿಯಾಗಿ ಬರೆಯದೆ ತನ್ನದು ಅಂತ ಮಾಡ್ಕೊಂಡ ಅನ್ನೋದು ಆರೋಪ.

ಇದರಲ್ಲಿ ಹುರುಳಿದೆಯಾ? ಸ್ವಲ್ಪ ಬಿಡಿಸಿ ನೋಡಬೇಕು. ಕಿವಿಗೆ ತಣ್ಣೀರು ಬಿದ್ದರೆ ತಲೆ ಸುತ್ತುತ್ತೆ ಅಂತ ಬ್ರೌನ್-ಸೆಕಾರ್ಡ್ ಅನ್ನೋ ವಿಜ್ಞಾನಿ 1860ರಲ್ಲೇ ಬರೆದಿದ್ರು. ತಲೆಸುತ್ತಿಗೆ ಒಳಗಿವಿ ಕಾರಣ ಆಗಬಹುದು ಅಂತ 1861ರಲ್ಲಿ ಪ್ಯಾರಿಸ್‌ನ ಡಾಕ್ಟರ್ ಮೆನಿಯೇರ್ ಹೇಳಿದ್ರು, ಅವರ ಹೆಸರಿನ ಕಾಯಿಲೆ ಈಗಲೂ ಇದೆ. ನಾಳದೊಳಗಿನ ದ್ರವ ಚಲಿಸೋದರಿಂದಲೇ ತಿರುಗಿದ ಅನುಭವ ಆಗುತ್ತೆ ಅಂತ 1870ರ ದಶಕದಲ್ಲಿ ಮಾಕ್, ಬ್ರೂಯರ್ ಮೊದಲಾದವರು ಹೇಳಿಯಾಗಿತ್ತು. ಬ್ರೂಯರ್ ಅಂತೂ ವಿಯೆನ್ನಾದವರೇ. ಅಂದ್ರೆ ಗೋಡೆಯ ಇಟ್ಟಿಗೆ ಬಹಳಷ್ಟು ಅಲ್ಲೇ ಇತ್ತು. ಆದ್ರೆ ತಣ್ಣೀರು ಬಿಸಿನೀರಿಗೆ ದಿಕ್ಕು ಬದಲಾಗೋದನ್ನ ಹಿಡಿದು, ಕಾರಣ ಹೇಳಿ, ರೋಗಿಯ ಹಾಸಿಗೆ ಪಕ್ಕದಲ್ಲಿ ಯಾವ ಡಾಕ್ಟರ್ ಬೇಕಾದ್ರೂ ಮಾಡೋ ಪರೀಕ್ಷೆಯಾಗಿ ಕೊಟ್ಟಿದ್ದು ಬಾರಾನಿ. ಹಿಂದಿನವರ ಹೆಸರನ್ನ ಇನ್ನಷ್ಟು ಧಾರಾಳವಾಗಿ ಬರೆಯಬಹುದಿತ್ತು ಅನ್ನೋದು ಒಪ್ಪೋ ಮಾತೇ. ಅದಕ್ಕೆ ಕಳ್ಳ ಅನ್ನೋ ಪಟ್ಟ ಕಟ್ಟಿದ್ದು ನನಗೆ ಅತಿ ಅನ್ಸುತ್ತೆ. ನೊಬೆಲ್ ಬರದೇ ಇದ್ದಿದ್ರೆ ಈ ಗಲಾಟೆ ಇಷ್ಟು ಜೋರಾಗಿ ಏಳ್ತಿತ್ತಾ ಅನ್ನೋ ಪ್ರಶ್ನೆ ಬೇರೆ ಇದೆ.

ಬಾರಾನಿ ಸ್ವಭಾವನೂ ಎಲ್ಲರ ಜತೆ ಹೊಂದೋ ಅಂಥದ್ದಾಗಿರಲಿಲ್ಲ. ವಿಯೆನ್ನಾದವರೇ ಆದ ಸಿಗ್ಮಂಡ್ ಫ್ರಾಯ್ಡ್, ಮನಸ್ಸಿನ ಶಾಸ್ತ್ರಕ್ಕೆ ಹೆಸರಾದವರು, ಕೆಲ ವರ್ಷ ಹಿಂದೆ ಇವರನ್ನ ಶಿಷ್ಯನಾಗಿ ತಗೊಳ್ಳಲ್ಲ ಅಂದಿದ್ರು. ಆದ್ರೆ ನೊಬೆಲ್ ಪಡೆದ ಮೇಲೆ ಹೆಸರು ಸೂಚಿಸೋ ಹಕ್ಕು ಸಿಕ್ಕಾಗ ಇದೇ ಬಾರಾನಿ ನೊಬೆಲ್‌ಗೆ ಸೂಚಿಸಿದ್ದು ಫ್ರಾಯ್ಡ್ ಹೆಸರನ್ನ! ಫ್ರಾಯ್ಡ್‌ಗೆ ಆ ಪ್ರಶಸ್ತಿ ಕೊನೆಗೂ ಬರಲಿಲ್ಲ, ಅದು ಬೇರೆ.

ಸ್ವೀಡನ್ನಿನ ಕಿವಿ ತಜ್ಞರು ಬಾರಾನಿ ಪರ ನಿಂತರು. ಗುನ್ನಾರ್ ಹೋಲ್ಮ್‌ಗ್ರೆನ್ ಅದರಲ್ಲಿ ಮುಖ್ಯರು. 1917ರಲ್ಲಿ ಉಪ್ಸಲಾ ವಿಶ್ವವಿದ್ಯಾಲಯದಿಂದ ಕರೆ ಬಂತು. ಬಾರಾನಿ ಗಂಟುಮೂಟೆ ಕಟ್ಟಿದ್ರು. ಜಗತ್ತಿನ ದೊಡ್ಡ ಕಿವಿ ಕ್ಲಿನಿಕ್ ಬಿಟ್ಟು ಚಳಿ ದೇಶದ ಸಣ್ಣ ವಿದ್ಯಾಪಟ್ಟಣಕ್ಕೆ. ವಯಸ್ಸು 41.

ಉಪ್ಸಲಾದ ದಿನಗಳು

ಉಳಿದ ಜೀವನವೆಲ್ಲಾ ಅಲ್ಲೇ. ಪೂರ್ಣ ಪ್ರೊಫೆಸರ್ ಪದವಿ ಬಂದಿದ್ದು 1926ರಲ್ಲಿ. ನೊಬೆಲ್ ಬಂದು ಹತ್ತು ವರ್ಷ ದಾಟಿದ ಮೇಲೆ ಅನ್ನೋದು ನೆನಪಿರಲಿ.

ಅಲ್ಲಿ ಮಾಡಿದ ಒಂದು ಕೆಲಸ ಮಾತ್ರ ನಮ್ಮ ಓದುಗರು ತಿಳ್ಕೊಳ್ಳಲೇಬೇಕು. 1921ರಲ್ಲಿ ಒಬ್ಬ ಯುವತಿ ಕೇಸ್ ಬರೆದಿಟ್ಟರು. ಹಾಸಿಗೆಯಲ್ಲಿ ಪಕ್ಕಕ್ಕೆ ಹೊರಳಿದ ತಕ್ಷಣ ಆಕೆಗೆ ಜೋರು ತಲೆಸುತ್ತು, ಕಣ್ಣು ಕುಣಿಯೋದು, ಸ್ವಲ್ಪ ಹೊತ್ತಿಗೆ ತಾನಾಗೇ ನಿಲ್ಲೋದು. ತಲೆಯ ಭಂಗಿ ಬದಲಾದಾಗ ಮಾತ್ರ. ಬಾರಾನಿ ಇದು ಒಳಗಿವಿಯಲ್ಲಿರೋ ಇನ್ನೊಂದು ಭಾಗದ ತೊಂದರೆ ಅಂದ್ರು, ಅಲ್ಲಿ ಸುಣ್ಣದ ಸಣ್ಣ ಸಣ್ಣ ಹರಳುಗಳಿರ್ತವೆ. ಈಗ ನಮಗೆ ಗೊತ್ತಿರೋ ಹಾಗೆ ಆ ಹರಳು ಕಳಚಿ ನಾಳಕ್ಕೆ ಜಾರೋದೇ ಕಾರಣ. ಬೆಳಗ್ಗೆ ಏಳೋವಾಗ, ಮಗ್ಗುಲು ಬದಲಾಯಿಸುವಾಗ, ಅಂಗಡಿಯಲ್ಲಿ ಮೇಲಿನ ಶೆಲ್ಫಿಗೆ ತಲೆ ಎತ್ತಿದಾಗ ಲೋಕವೇ ತಿರುಗಿದ ಹಾಗಾಗೋದು ಎಷ್ಟೋ ಸಲ ಇದೇ. ಗೊತ್ತಿರೋ ಡಾಕ್ಟರು ತಲೆಯನ್ನ ಒಂದು ಕ್ರಮದಲ್ಲಿ ಹೊರಳಿಸಿ ಹರಳನ್ನ ವಾಪಸ್ ಜಾಗಕ್ಕೆ ಕಳಿಸ್ತಾರೆ, ಹಲವರಿಗೆ ಕೆಲವೇ ನಿಮಿಷದಲ್ಲಿ ವಾಸಿ. ಆ ಉಪಾಯ ಬಂದಿದ್ದು ಬಾರಾನಿ ಕಾಲವಾಗಿ ಎಷ್ಟೋ ವರ್ಷ ಆದ ಮೇಲೆ. ಬಿಪಿ ನೋಡಿಸಿ, ಬೇಡ ಅನ್ನಲ್ಲ. ಮಾತು ತೊದಲೋದು, ಕೈಕಾಲು ಸೋಲೋದು ಜತೆಗಿದ್ರೆ ತಕ್ಷಣ ಆಸ್ಪತ್ರೆಗೆ ಓಡಬೇಕು, ಅದು ಬೇರೆ ಕಾಯಿಲೆ ಇರಬಹುದು. ಆದ್ರೆ ಮಗ್ಗುಲು ಬದಲಿಸಿದಾಗ ಮಾತ್ರ ಸುತ್ತಿದ್ರೆ ಕಿವಿ ಡಾಕ್ಟರಿಗೂ ಒಮ್ಮೆ ತೋರಿಸಿ.

1935ರಲ್ಲಿ ಇನ್ನೊಂದು ವಿಷಯ ಕಣ್ಣಿಗೆ ಬಿತ್ತು. ಮರಗಟ್ಟಿಸೋ ಇಂಜೆಕ್ಷನ್ ಕೊಟ್ಟಾಗ ಕಿವಿಯಲ್ಲಿ ಜುಯ್ ಅನ್ನೋ ಸದ್ದು ಇದ್ದವರಿಗೆ ಆ ಸದ್ದು ಸ್ವಲ್ಪ ಹೊತ್ತು ಕಡಿಮೆ ಆಗಿದ್ದು. ಕಿವಿ ಸದ್ದಿನಿಂದ ನಿದ್ದೆ ಕೆಟ್ಟವರಿಗೆ ಮಾತ್ರ ಗೊತ್ತು ಆ ಸ್ವಲ್ಪ ಹೊತ್ತಿನ ಬೆಲೆ. ಅದು ಕಾಯಂ ಔಷಧಿ ಆಗಲಿಲ್ಲ. ಆದ್ರೆ ಸದ್ದಿನ ಮೂಲ ನರದಲ್ಲಿದೆಯಾ ಅಂತ ಹುಡುಕೋರಿಗೆ ಒಂದು ಸುಳಿವು ಸಿಕ್ತು.

ಆರೋಗ್ಯ ಆಗಲೇ ಕುಸಿದಿತ್ತು. 1936ರ ಏಪ್ರಿಲ್ 8ಕ್ಕೆ ಉಪ್ಸಲಾದಲ್ಲೇ ತೀರಿಹೋದ್ರು. 60 ತುಂಬೋಕೆ ಸರಿಯಾಗಿ ಎರಡು ವಾರ ಬಾಕಿ. ಮುಂದೆ ಉಪ್ಸಲಾ ವಿಶ್ವವಿದ್ಯಾಲಯ ಇವರ ಹೆಸರಲ್ಲಿ ಪದಕ ಇಟ್ಟಿತು. ತಲೆಸುತ್ತು, ಸಮತೋಲನದ ತಜ್ಞರೆಲ್ಲಾ ಸೇರಿ 1960ರಲ್ಲಿ ಬಾರಾನಿ ಸೊಸೈಟಿ ಅಂತ ಕಟ್ಟಿದ್ರು. ಮೊಮ್ಮಗ ಆಂಡರ್ಸ್ ಬಾರಾನಿ ಭೌತಶಾಸ್ತ್ರಜ್ಞರಾಗಿ ನೊಬೆಲ್ ಸಂಸ್ಥೆಯ ಕೆಲಸದಲ್ಲೇ ಇದ್ದರು.

ನೀರಿನ ಪರೀಕ್ಷೆಯನ್ನ 1942ರಲ್ಲಿ ಇಂಗ್ಲೆಂಡಿನ ಇಬ್ಬರು ಡಾಕ್ಟರು ಒಂದು ಅಳತೆಗೆ ತಂದ್ರು. ಒಂದು ಸಲ 30 ಡಿಗ್ರಿ ನೀರು, ಇನ್ನೊಂದು ಸಲ 44 ಡಿಗ್ರಿ ನೀರು. ಮೈ ಬಿಸಿಗಿಂತ ಏಳು ಕಡಿಮೆ, ಏಳು ಹೆಚ್ಚು. ಈಗಲೂ ಅದೇ ಲೆಕ್ಕ ನಡೀತಿದೆ, ಕೆಲವು ಕಡೆ ನೀರಿನ ಬದಲು ಗಾಳಿ ಬಿಡ್ತಾರೆ.

ಇನ್ನೊಂದು ವಿಷಯ ಬಾಕಿ ಇದೆ. ಹಂಡೆ ನೀರಿನ ಲೆಕ್ಕ ಸರಿ ಅನ್ನೋದಾದ್ರೆ ಭೂಮಿಯ ಸೆಳೆತ ಇಲ್ಲದ ಕಡೆ ಈ ಪರೀಕ್ಷೆ ಕೆಲಸ ಮಾಡಬಾರದು. ಸೆಳೆತ ಇಲ್ಲದಿದ್ರೆ ಹಗುರ, ಭಾರ ಅನ್ನೋದೇ ಇಲ್ಲವಲ್ಲ, ದ್ರವ ಯಾಕೆ ಮೇಲೆ ಕೆಳಗೆ ಹರಿಯಬೇಕು? ಬಾರಾನಿ ಸತ್ತು 47 ವರ್ಷ ಆದ ಮೇಲೆ, 1983ರ ಕೊನೆಯಲ್ಲಿ, ಕೊಲಂಬಿಯಾ ನೌಕೆಯಲ್ಲಿ ಹೋದ ಸ್ಪೇಸ್‌ಲ್ಯಾಬ್ ಯಾತ್ರಿಗಳ ಕಿವಿಗೆ ಬಾಹ್ಯಾಕಾಶದಲ್ಲೇ ಬಿಸಿ, ತಂಪು ಕೊಟ್ಟು ನೋಡಿದ್ರು. ಕಣ್ಣು ಅಲ್ಲಿಯೂ ಅಲ್ಲಾಡ್ತು. ಹಾಗಾದ್ರೆ ದ್ರವ ಹರಿಯೋದು ಒಂದೇ ಕಾರಣ ಅಲ್ಲ, ಬಿಸಿ ತಾಗಿ ದ್ರವ ಹಿಗ್ಗೋದೋ, ನರಕ್ಕೇ ಬಿಸಿ ನೇರ ತಾಗೋದೋ, ಬೇರೆ ಏನೋ ಸೇರ್ಕೊಂಡಿದೆ ಅಂತ ತಜ್ಞರು ಮತ್ತೆ ಲೆಕ್ಕ ಹಾಕೋಕೆ ಕೂತರು. ಇತ್ತ ಭೂಮಿ ಮೇಲಿನ ಕ್ಲಿನಿಕ್‌ಗಳಲ್ಲಿ 30 ಡಿಗ್ರಿ, 44 ಡಿಗ್ರಿ ನೀರು ತುಂಬಿಸಿಕೊಂಡು ಡಾಕ್ಟರುಗಳು ರೋಗಿಯ ಕಣ್ಣು ನೋಡೋದನ್ನ ನಿಲ್ಲಿಸಲಿಲ್ಲ.